ತುಟಿಯಾಡಿಸುವ ಬೆಂಚು

ಆ ಶಾಲೆಯಲ್ಲಿ ಇಂಗ್ಲಿಷ್ ಬಾರದ ಮಕ್ಕಳಿಗೆಂದೇ ಒಂದು ಬೆಂಚಿತ್ತು. ಕಿಟಕಿ ಪಕ್ಕದ್ದು, ಕೊನೆಯದು. ತರಗತಿಯೆಲ್ಲ ಒಟ್ಟಾಗಿ ಪಾಠ ಓದುವಾಗ ಆ ಬೆಂಚಿನವರು ದನಿ ತೆಗೆಯುವ ಹಾಗಿಲ್ಲ, ಬರೀ ತುಟಿಯಾಡಿಸಬೇಕು. ಓದು ಕೇಳುವುದಕ್ಕೆ ಚೆನ್ನಾಗಿರಬೇಕಲ್ಲ! ಶಾಲೆಯ ಮುಖ್ಯಸ್ಥೆ ದೊಡ್ಡ ಮೇಡಂ ಇದಕ್ಕಿಟ್ಟ ಹೆಸರು 'ಕಲಿಕಾ ಬೆಂಬಲ'. ಬೆಂಬಲವಂತೆ, ಬೆಂಬಲ!

ಆ ಬೆಂಚನ್ನು ಕಾಯುವ ಸಹಾಯಕಿಯನ್ನು ಮಕ್ಕಳು ಬೆಂಚಕ್ಕ ಎನ್ನುತ್ತಿದ್ದರು. ಪೆನ್ಸಿಲ್ ಚೂಪು ಮಾಡುವುದು, ಯಾರಾದರೂ ಮರೆತು ದನಿಯೆತ್ತಿದರೆ ಭುಜ ಮುಟ್ಟಿ ಸುಮ್ಮನಾಗಿಸುವುದು ಅವಳ ಕೆಲಸ. ಆರು ವರ್ಷ ಅದನ್ನೇ ಮಾಡಿದಳು, ನಾಚಿಕೆಗೆಟ್ಟವಳು. ಹಾಗೆಂದು ದಿನಾ ಬೈದುಕೊಳ್ಳುತ್ತಿದ್ದವಳೂ ಅವಳೇ. ಚಿಕ್ಕಂದಿನಲ್ಲಿ ಅವಳೂ ಇಂಥದೇ ಬೆಂಚಿನಲ್ಲಿ ತುಟಿಯಾಡಿಸಿಕೊಂಡೇ ಹತ್ತು ತರಗತಿ ದಾಟಿದವಳು. ಇಂಗ್ಲಿಷ್ ಬಂದದ್ದು ಆಮೇಲೆ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಗಿರಾಕಿಗಳಿಂದ ಬೈಸಿಕೊಂಡು.

ಈ ವರ್ಷ ಆ ಬೆಂಚಿಗೆ ದರ್ಜಿಯ ಮಗಳು ಬಂದಳು, ಒಂಬತ್ತು ವರ್ಷದವಳು. ಅವಳು ತುಟಿಯನ್ನೂ ಆಡಿಸಲೊಲ್ಲಳು. ಬೆಂಚಕ್ಕ ಪಾಠವನ್ನು ಮನೆಮಾತಿನಲ್ಲಿ ಕಿವಿಯಲ್ಲಿ ಉಸುರಿದರೆ ಮಾತ್ರ ಕಣ್ಣರಳಿಸಿ ಕೇಳುತ್ತಿದ್ದಳು.

ಅದು ದೊಡ್ಡ ಮೇಡಂ ಕಣ್ಣಿಗೆ ಬಿತ್ತು. "ಸೋಮವಾರ ತಪಾಸಣೆಗೆ ಬರ್ತಾರೆ. ಆ ಹುಡುಗಿ ಬಾಯಿ ಬಿಡದಿದ್ರೆ ಎರಡು ಕ್ಲಾಸ್ ಕೆಳಗೆ ಹಾಕ್ತೀನಿ. ನಿನ್ನ ಪಿಸಪಿಸ ಕೇಳಿಸಿದ್ರೆ ನಿನಗೂ ಗೇಟು ತೋರಿಸ್ತೀನಿ."

ಬಾಯಿ ಬಿಡೋಕೆ ಬಿಟ್ಟವರು ಯಾರು ಅನ್ನುವ ಮಾತು ನಾಲಿಗೆ ತುದಿಗೆ ಬಂತು. ಬೆಂಚಕ್ಕ ಪೆನ್ಸಿಲ್ ಚೂಪು ಮಾಡುವುದಕ್ಕೆ ತಿರುಗಿದಳು.

ಸಂಜೆ ದರ್ಜಿ ಗೇಟಿನ ಹತ್ತಿರ ಕಾದಿದ್ದ. "ಅಕ್ಕಾ, ಪುಟಾಣಿಗಳ ಜೊತೆ ಕೂರಿಸಿದ್ರೆ ಶಾಲೆಗೇ ಬರಲ್ಲ ಅಂತ ಹಟ ಹಿಡಿದಿದಾಳೆ. ಏನಾದ್ರೂ ಮಾಡಿ."

ಸೋಮವಾರ ಬಂದ ತಪಾಸಣಾಧಿಕಾರಿ ಓದು ಕೇಳುತ್ತ ಕೇಳುತ್ತ ಕೊನೆಯ ಬೆಂಚಿಗೆ ಕಿವಿಗೊಟ್ಟರು. "ಇಲ್ಲಿ ಸದ್ದೇ ಇಲ್ವಲ್ಲ?"

"ಮೆತ್ತಗೆ ಓದೋ ಮಕ್ಕಳು ಸಾರ್," ಎಂದರು ದೊಡ್ಡ ಮೇಡಂ. ಎಂಥ ನಾಲಿಗೆ!

ಒದ್ದೆ ಬಟ್ಟೆ ಹೇಗೆ ಒಣಗುತ್ತದೆ ಎಂದು ಅಧಿಕಾರಿ ದರ್ಜಿಯ ಮಗಳನ್ನು ಇಂಗ್ಲಿಷಿನಲ್ಲಿ ಕೇಳಿದರು. ಹುಡುಗಿ ನೆಲ ನೋಡಿದಳು. ದೊಡ್ಡ ಮೇಡಂ ಬೆಂಚಕ್ಕನನ್ನು ದುರುಗುಟ್ಟಿ ನೋಡಿದರು. ಹಾಳಾಗಿ ಹೋಗಲಿ ಈ ಕೆಲಸ ಅಂದುಕೊಂಡು ಬೆಂಚಕ್ಕ ಎದ್ದು ನಿಂತಳು; ಅದೇ ಪ್ರಶ್ನೆಯನ್ನು ಮನೆಮಾತಿನಲ್ಲಿ, ಇಡೀ ಕೋಣೆಗೆ ಕೇಳಿಸುವ ಹಾಗೆ ಕೇಳಿದಳು.

"ನೀರು ಎಲ್ಲೂ ಕಳೆದು ಹೋಗಲ್ಲ, ಆವಿಯಾಗಿ ಗಾಳಿಗೆ ಸೇರುತ್ತೆ. ಬಿಸಿಲಲ್ಲಿ ಬೇಗ, ನೆರಳಲ್ಲಿ ನಿಧಾನ. ಅಪ್ಪ ಇಸ್ತ್ರಿ ಇಟ್ರೆ ಇನ್ನೂ ಬೇಗ, ಬುಸ್ ಅನ್ನುತ್ತೆ!" ಹುಡುಗಿ ಒಂದೇ ಉಸಿರಿಗೆ ಹೇಳಿದಳು.

"ಈಗ ಇಂಗ್ಲಿಷಲ್ಲಿ. ಗೊತ್ತಿರೋ ಪದ ಹಾಕು, ಗೊತ್ತಿಲ್ಲದ್ದು ನಾನು ಕೊಡ್ತೀನಿ," ಎಂದಳು ಬೆಂಚಕ್ಕ.

"ವಾಟರ್ ಗೋ ಏರ್. ಹಾಟ್, ಫಾಸ್ಟ್."

ಮುಂದಿನ ಬೆಂಚುಗಳು ಕಿಸಕ್ಕೆಂದವು. ಅಧಿಕಾರಿ ನಗಲಿಲ್ಲ. "ಉತ್ತರ ಸರಿಯಾಗಿದೆ. ಮೊದಲು ಮನೆಮಾತು, ಆಮೇಲೆ ಇಂಗ್ಲಿಷ್. ಯಾರ ಪದ್ಧತಿ ಇದು?"

"ನಮ್ಮದೇ ಸಾರ್," ಎಂದರು ದೊಡ್ಡ ಮೇಡಂ, ರೆಪ್ಪೆ ಕೂಡ ಬಡಿಯದೆ. ಅಬ್ಬಾ, ಆ ಮುಖಕ್ಕೆ ಅದೆಷ್ಟು ದಪ್ಪ ಚರ್ಮ!

ಹುಡುಗಿ ಅದೇ ತರಗತಿಯಲ್ಲಿ ಉಳಿದಳು. ಬೆಂಚಕ್ಕನ ಕೆಲಸವೂ ಉಳಿಯಿತು, ತೆಗೆದರೆ 'ನಮ್ಮ ಪದ್ಧತಿ'ಯನ್ನು ಮಾಡಿ ತೋರಿಸುವವರು ಯಾರು? ತಿಂಗಳೊಳಗೆ ಊರಿನ ಶಿಕ್ಷಕರನ್ನೆಲ್ಲ ಸೇರಿಸಿ ದೊಡ್ಡ ಮೇಡಂ ಆ ಪದ್ಧತಿಯ ಬಗ್ಗೆ ಎರಡು ಗಂಟೆ ಕೊರೆದರು. ಬೆಂಚಕ್ಕನನ್ನೂ ಹುಡುಗಿಯನ್ನೂ ವೇದಿಕೆಯ ಮೇಲೆ ಹಿಂದಿನ ಸಾಲಿನಲ್ಲಿ ಪ್ರದರ್ಶನಕ್ಕೆ ಕೂರಿಸಿದ್ದರು. ಕೊನೆಗೆ ಇಂಗ್ಲಿಷಿನ ಶಾಲಾಗೀತೆಗೆ ಎಲ್ಲರೂ ಎದ್ದಾಗ ದೊಡ್ಡ ಮೇಡಂ ಹಿಂದೆ ಬಾಗಿ ಮೆಲ್ಲಗೆ ಹೇಳಿದರು: "ನಿಮ್ಮಿಬ್ಬರ ಉಚ್ಚಾರ ಸರಿಯಿಲ್ಲ. ಬರೀ ತುಟಿ ಆಡಿಸಿ."

ಹುಡುಗಿ ಬೆಂಚಕ್ಕನ ಸೆರಗು ಜಗ್ಗಿದಳು. "ಅಕ್ಕಾ, ಏನು ಮಾಡೋಣ?"

"ಜೋರಾಗಿ ಹಾಡೋಣ."

ಇಬ್ಬರೂ ಗಂಟಲು ಹರಿಯುವಂತೆ ಹಾಡಿದರು. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಎದುರಿಗೆ ಸಭೆಯಿತ್ತು, ಹಾಗಾಗಿ ದೊಡ್ಡ ಮೇಡಂ ಹಾಡು ಮುಗಿಯುವವರೆಗೂ ನಗುತ್ತ ನಿಂತಿರಬೇಕಾಯಿತು.