ಕಂಪ್ಯೂಟರ್ ಮೇಡಂ ಮತ್ತು ಒಡೆಯರಿಲ್ಲದ ಜಾಲ

ನಮ್ಮ ಕಂಪ್ಯೂಟರ್ ಮೇಡಂ ತುರುಬಿನಲ್ಲಿ ಮಲ್ಲಿಗೆಯ ಪಕ್ಕದಲ್ಲೇ ಒಂದು ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದರು. ಹಾಸನದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಯಾವ ಯಂತ್ರ ಕೆಟ್ಟರೂ ಸೆರಗನ್ನು ಸೊಂಟಕ್ಕೆ ಬಿಗಿದು ತಾವೇ ಬಿಚ್ಚಲು ಕೂರುವರು. ಪಾಠ ಪುಸ್ತಕದ ಕನ್ನಡದಲ್ಲಿ ಶುರುವಾಗಿ, ಹುರುಪು ಬಂತೆಂದರೆ ತವರಾದ ಹಳೇಕೋಟೆಯ ಮಾತಿಗೆ ಇಳಿಯುತ್ತಿತ್ತು.

ಇಂಟರ್ನೆಟ್ಟಿನ ಅನಾಮಧೇಯ ಜಾಲದ ಬಗ್ಗೆ ಆಗ ನಮಗೆಲ್ಲ ಭಾರೀ ಮೋಹ. ಸಂದೇಶ ಯಾರ್ಯಾರದೋ ಕಂಪ್ಯೂಟರುಗಳನ್ನು ದಾಟಿ ಹೋಗುವುದರಿಂದ ಕಳಿಸಿದವರ ಗುರುತು ಸಿಗುವುದಿಲ್ಲ, ಆ ಜಾಲಕ್ಕೆ ಒಡೆಯನೇ ಇಲ್ಲ ಎಂದು ನಾನು ತರಗತಿಯಲ್ಲಿ ಹೇಳಿದೆ. ಮೇಡಂ ಆ ಕಂಪ್ಯೂಟರುಗಳು ಎಲ್ಲೆಲ್ಲಿವೆ ಎಂಬ ನಕ್ಷೆಯನ್ನು ಪರದೆಯ ಮೇಲೆ ತೆರೆದರು. ಚುಕ್ಕಿಗಳು ಹೆಚ್ಚಾಗಿ ಕೆಲವೇ ದೇಶಗಳಲ್ಲಿ, ಅಲ್ಲೂ ಕೆಲವೇ ಕಂಪನಿಗಳ ಕಟ್ಟಡಗಳಲ್ಲಿ ಗುಂಪುಗೂಡಿದ್ದವು.

"ಬಸ್ ಎಷ್ಟಾದ್ರೂ ಇರ್ಲಿ ಕಣ್ರೇ, ಎಲ್ಲಾ ಒಂದೇ ಸ್ಟ್ಯಾಂಡಿಂದ ಒಂಟ್ರೆ ಅಲ್ಲಿ ಕುಂತೋನ್ಗೆ ಎಲ್ಲಾ ಕಾಣ್ತದೆ. ಒಡೆಯ ಇಲ್ಲ, ನಿಜ. ಅದರ ಹೊರೆ ಹೊತ್ಕೊಳ್ಳೋರೂ ಕಮ್ಮೀನೇ."

ಅದೇ ವರ್ಷ ನಮ್ಮ ಹಾಸ್ಟೆಲಿನ ಮ್ಯಾನೇಜರ್ ಬಾಗಿಲು ತಟ್ಟದೆ ಹುಡುಗಿಯರ ಕೋಣೆಗಳಿಗೆ ನುಗ್ಗತೊಡಗಿದ. ನಮ್ಮ ಕೋಣೆಗೂ ಬಂದ. ಒಳಗಿದ್ದ ನಾವು ಮೂವರು ನಡೆದದ್ದನ್ನು ಹೆಸರಿಲ್ಲದೆ ಬರೆದು, ಆ ಜಾಲದ ಮೂಲಕ ಹರಡಲು ನಿರ್ಧರಿಸಿದೆವು. ಹೇಗೆಂದು ಕೇಳಲು ನಾನು ಮೇಡಂ ಬಳಿ ಹೋದೆ. ನಾವು ಬರೆದದ್ದನ್ನು ಓದುತ್ತಾ ಓದುತ್ತಾ ಅವರ ಮುಖ ಕೆಂಪಗಾಯಿತು.

"ಜಾಲ ನಿನ್ ಅಡ್ರೆಸ್ ಮುಚ್ಚಿಡ್ತದೆ ಕಣವ್ವಾ. ಆದ್ರೆ ಆ ರೂಮಲ್ಲಿ ಇದ್ದೋರು ನೀವು ಮೂರೇ ಜನ. ಓದಿದ್ ತಕ್ಷಣ ಅವ್ನಿಗೆ ಗೊತ್ತಾಗ್ಬುಡ್ತದೆ."

"ಹಂಗಾರೆ ಸುಮ್ನಿರ್ಬೇಕಾ ಮೇಡಂ?"

"ಸುಮ್ಕಿರು ಅಂದ್ನಾ ನಾನು? ನಡಿ, ಬತ್ತೀನಿ."

ಹಾಸ್ಟೆಲಿನ ಕೋಣೆ ಕೋಣೆಗೂ ಹೋಗಿ ವಿಚಾರಿಸಿದರು. ಎಲ್ಲರ ಮಾತನ್ನೂ ಸೇರಿಸಿ, ಒಬ್ಬರ ಗುರುತೂ ಸಿಗದ ಹಾಗೆ ತಾವೇ ದೂರು ಬರೆದು, ಕೆಳಗೆ ತಮ್ಮೊಬ್ಬರದೇ ರುಜು ಹಾಕಿ ಆಡಳಿತ ಮಂಡಳಿಗೆ ಕೊಟ್ಟರು. ಮ್ಯಾನೇಜರನ ಕೆಲಸ ಹೋಯಿತು. ಮೇಡಂ ಅತಿಥಿ ಉಪನ್ಯಾಸಕಿ. ಮರುವರ್ಷ ಕಾಲೇಜು ಅವರನ್ನು ಕರೆಯಲಿಲ್ಲ. ಅಳುತ್ತಾ ನಿಂತ ನಮಗೆ ಅವರೇ ಸಮಾಧಾನ ಹೇಳಿದರು: "ಅರಕಲಗೂಡಲ್ಲಿ ಕ್ಲಾಸ್ ಸುರು ಮಾಡ್ತೀನಿ ಬುಡ್ರೇ. ಆ ಕಡೆ ಬಸ್ಸಲ್ಲಿ ಸೀಟಾದ್ರೂ ಸಿಕ್ತದೆ."

ಹೋದ ವರ್ಷ ಮೇಡಂ ಕಾಯಿಲೆಯಿಂದ ತೀರಿಕೊಂಡರು. ಹೊಳೆನರಸೀಪುರದ ಅವರ ಮನೆಗೆ ಹೋದಾಗ ನಡುಮನೆಯ ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದು ಗುಂಯ್ಗುಡುತ್ತಿತ್ತು. ಆ ಅನಾಮಧೇಯ ಜಾಲಕ್ಕೆಂದೇ ಅವರು ವರ್ಷಗಟ್ಟಲೆ ನಡೆಸಿಕೊಂಡು ಬಂದದ್ದು. ಗುರುತಿಲ್ಲದವರ ಸಂದೇಶಗಳನ್ನು ದಾಟಿಸುವ ಯಂತ್ರ. ನಮಗೆ ಒಮ್ಮೆಯೂ ಹೇಳಿರಲಿಲ್ಲ.

"ಆರ್ಸಕ್ಕೆ ಬುಡ್ತಿರ್ಲಿಲ್ಲ ಕಣವ್ವಾ, ಯಾರ್ಗೋ ಬೇಕಾಯ್ತದೆ ಅನ್ನೋಳು," ಎಂದರು ಅವರ ಪತಿ. "ನಂಗೆ ಇದೆಲ್ಲ ತಿಳಿಯಾಕಿಲ್ಲ. ಏನ್ ಮಾಡ್ಲಿ ಏಳು?"

ಈಗ ಅದು ಚನ್ನರಾಯಪಟ್ಟಣದಲ್ಲಿ, ನಮ್ಮ ಮನೆಯಲ್ಲಿದೆ. ಕರೆಂಟು ಹೋಗಿ ಬಂದಾಗಲೆಲ್ಲ, ಒಲೆಯ ಮೇಲೆ ಏನೇ ಇರಲಿ, ಮೊದಲು ಹೋಗಿ ಅದನ್ನು ಆನ್ ಮಾಡುತ್ತೇನೆ.