ಟೆರೇಸಿನ ಬಸಳೆಗೆ ನಾನು ಹಾಕಿದ ನೀರು

ಕುವೈಟಿನಿಂದ ವಾಪಸು ಬಂದವನು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಪಕ್ಕದ ದೇಶದ ಸೈನ್ಯ ನುಗ್ಗಿದ ಆ ಆಗಸ್ಟ್ ತಿಂಗಳ ಬಗ್ಗೆ. ಟ್ಯಾಂಕ್ ನೋಡಿದಿರಾ, ಮರುಭೂಮಿಯಲ್ಲಿ ಎಷ್ಟು ದಿನ ಬಸ್ಸಿನಲ್ಲಿದ್ದಿರಿ, ತುಂಬು ಬಸುರಿ ಅಕ್ಕನನ್ನು ಹೇಗೆ ಕರೆತಂದಿರಿ. ಹೇಳುತ್ತೇನೆ, ಹೇಳಿ ಹೇಳಿ ಬಾಯಿಪಾಠವಾಗಿದೆ. ಆದರೆ ಈಗಲೂ ನನಗೆ ಸಿಟ್ಟು ಬರಿಸುವ ತಿಂಗಳು ಆಗಸ್ಟ್ ಅಲ್ಲ, ಜುಲೈ. ಆಗಸ್ಟಿನಲ್ಲಿ ಆದದ್ದಕ್ಕೆ ನಾನು ಹೊಣೆಯಲ್ಲ. ಜುಲೈಯಲ್ಲಿ ಅಲ್ಲಿಯ ಹವಲ್ಲಿ ಬಡಾವಣೆಯ ಒಂದು ಟೆರೇಸಿನ ಮೇಲೆ ಆದದ್ದಕ್ಕೆ ನಾನೊಬ್ಬನೇ ಹೊಣೆ.

೧೯೯೦ರ ಜನವರಿಯಲ್ಲಿ ನಾನು ಅಲ್ಲಿಗೆ ಹೋದದ್ದು. ಶುವೈಖಿನಲ್ಲಿ ವಾಹನಗಳ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ಗುಮಾಸ್ತೆ ಕೆಲಸ. ವಾಸ ಅಕ್ಕ-ಭಾವನ ಫ್ಲ್ಯಾಟಿನಲ್ಲಿ. ಸೂಟ್‌ಕೇಸಿನಲ್ಲಿ ಅಕ್ಕ ಪತ್ರ ಬರೆದು ತರಿಸಿಕೊಂಡ ನಾಲ್ಕು ಬಸಳೆ ಕಡ್ಡಿಗಳಿದ್ದವು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಲುಂಗಿಯ ಮಡಿಕೆಯೊಳಗೆ. ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವನು ಅದನ್ನು ಎರಡು ಬೆರಳಲ್ಲಿ ಎತ್ತಿ "ಶಿನು ಹಾದಾ?" ಅಂದ. ಇದೇನು ಅಂತ ಕೇಳುತ್ತಿದ್ದಾನೆಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. "ತರಕಾರಿ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಕಡ್ಡಿಯನ್ನು ನೋಡಿದ, ನನ್ನನ್ನು ನೋಡಿದ. ಇದನ್ನು ತಿನ್ನುವವರೂ ಇದ್ದಾರಲ್ಲ ಎಂಬ ಮರುಕದಿಂದಲೋ ಏನೋ, "ಯಲ್ಲಾ, ಯಲ್ಲಾ" ಎಂದು ಬಿಟ್ಟುಬಿಟ್ಟ. ನಾಲ್ಕರಲ್ಲಿ ಎರಡು ಚಿಗುರಿದವು.

ಭಾವ ರಾಯ್ ಎಂಬ ಪ್ರದೇಶದ ಏಸಿ ಶೋರೂಮೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿ ಎಸೆಯುವ ಪ್ಲೈವುಡ್ ಪೆಟ್ಟಿಗೆ, ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮು ತರುತ್ತಿದ್ದರು. ಮಣ್ಣು, ಕುರಿಗೊಬ್ಬರ ಹೇಗೋ ಒಟ್ಟಾಯಿತು. ಮೂರನೇ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿಗೂ ಟಿವಿ ಆಂಟೆನಾಗಳಿಗೂ ನಡುವೆ, ಬಿಲ್ಡಿಂಗಿನ ಕಾವಲುಗಾರನ ಒಪ್ಪಿಗೆ ಪಡೆದು ಅಕ್ಕ ಒಂದು ಹಿತ್ತಿಲು ಮಾಡಿಕೊಂಡಳು. ಬಟ್ಟೆ ಒಣಗಿಸುವ ಹಗ್ಗವೇ ಬಸಳೆಗೆ ಚಪ್ಪರ.

ಫೆಬ್ರವರಿ, ಮಾರ್ಚ್ ಚೆನ್ನಾಗಿದ್ದವು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಶುಕ್ರವಾರ ರಜೆ. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಮೇಲೆ ಹೋದರೆ ಕೆಂಪು ಹರಿವೆಯ ಎಲೆಗಳ ಮೇಲೆ ನಿಜವಾದ ಇಬ್ಬನಿ. ಮೂಲಂಗಿ ಮಣ್ಣಿನಿಂದ ಭುಜ ಹೊರಗೆ ಹಾಕಿ ನಿಂತಿರುತ್ತಿತ್ತು. ಅಕ್ಕ ಕಿತ್ತು, ಅಲ್ಲೇ ಸೆರಗಿನಲ್ಲಿ ಒರೆಸಿ ಅರ್ಧ ಮುರಿದು ಕೊಡುತ್ತಿದ್ದಳು. ಮಣ್ಣಿನ ಚೂರು ಹಲ್ಲಿಗೆ ಸಿಕ್ಕರೂ ನಾನು ದೂರಿದವನಲ್ಲ. ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಪರ-ವಿರೋಧ ಎರಡನ್ನೂ ಮಾತಾಡಿ ಗೆದ್ದವನು ನಾನು. ಆ ಮೂಲಂಗಿಗೆ ವಿರೋಧವಾಗಿ ಹೇಳಲು ನನ್ನಲ್ಲಿ ಒಂದು ಅಂಶವೂ ಇರಲಿಲ್ಲ.

ಅಕ್ಕನಿಗೆ ಆಗಲೇ ದಿನ ಎಣಿಸುವುದು ಶುರುವಾಗಿತ್ತು. ಮದುವೆಯಾಗಿ ಏಳು ವರ್ಷದ ಮೇಲೆ ನಿಂತ ಬಸಿರು. ಜುಲೈಗೆ ಏಳನೇ ತಿಂಗಳು. ಊರಲ್ಲಾದರೆ ಬಯಕೆ ಮಾಡುತ್ತಾರೆ, ಹೆಂಗಸರು ಸೇರಿ ಬಸುರಿಗೆ ಬೇಕುಬೇಕಾದ್ದನ್ನು ಬಡಿಸುತ್ತಾರೆ.

"ಇಲ್ಲಿ ನನಗೆ ಬಯಕೆ ಮಾಡ್ಲಿಕ್ಕೆ ಯಾರಿದ್ದಾರೆ? ಅತ್ತೆಯಾ, ಅಮ್ಮನಾ?" ಎಂದು ಒಮ್ಮೆ ಬಳ್ಳಿಯನ್ನು ಹಗ್ಗಕ್ಕೆ ಹಬ್ಬಿಸುತ್ತಾ ಹೇಳಿದಳು. "ಜನ ಇಲ್ಲದಿದ್ದರೆ ಬೇಡ. ಆ ದಿನಕ್ಕೆ ನಂದೇ ಬಸಳೆಯ ಪುಂಡಿ ಆಗ್ಬೇಕು. ಮತ್ತೇನೂ ಬೇಡ ನನಗೆ."

ಬಸಳೆಯ ಗಸಿಯಲ್ಲಿ, ಆ ಗಟ್ಟಿ ಸಾರಿನಲ್ಲಿ, ಬೇಯಿಸಿದ ಅಕ್ಕಿಹಿಟ್ಟಿನ ಸಣ್ಣ ಉಂಡೆಗಳು, ಅಷ್ಟೇ. ಹವಲ್ಲಿಯ ಅಂಗಡಿಗಳಲ್ಲಿ ಪಾಲಕ್ ಇತ್ತು, ಈಜಿಪ್ಟಿನವರ ಸೊಪ್ಪುಗಳಿದ್ದವು. ಬಸಳೆ ನಮ್ಮ ಟೆರೇಸಿನಲ್ಲಿ ಮಾತ್ರ.

ಜಗಳ ಹತ್ತಿದ್ದು ಮೇ ತಿಂಗಳಲ್ಲಿ. ತುಳುವರಿಗೆ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಯಕ್ಷಗಾನದ ಆಟ, ಭೂತದ ಕೋಲ ಎಲ್ಲ ಮುಗಿದು, ಮಳೆಗೆ ಕಾದು ಹಿತ್ತಿಲಿಗೆ ಬೀಜ ಹಾಕುವ ಕಾಲ. ಅಕ್ಕ ಮುಳ್ಳುಸೌತೆ ಬೀಜದ ಪೊಟ್ಟಣ ಬಿಚ್ಚಿದಳು. ಹೊರಗೆ ಬಾಗಿಲಿನ ಹಿಡಿ ಮುಟ್ಟಿದರೆ ಕೈ ಸುಡುತ್ತಿತ್ತು.

"ಅಕ್ಕ, ಪತ್ತನಾಜೆಗೆ ಬೀಜ ಹಾಕುವುದು ಯಾಕೆ? ಮಳೆ ಬರ್ತದೆ ಅಂತ. ಇಲ್ಲಿ ಮಳೆ ಎಲ್ಲುಂಟು?"

"ಬರ್ತದೆ ಅಂತ ನಾನು ಹೇಳಿದ್ನಾ? ಆ ದಿನ ಹಾಕ್ಲಿಕ್ಕುಂಟು, ಹಾಕ್ತೇನೆ."

"ಕಾರಣವೇ ಇಲ್ಲದಿದ್ದರೆ ಆಚರಣೆಗೆ ಏನು ಅರ್ಥ? ಇಲ್ಲಿಯ ಪತ್ತನಾಜೆ ಬಿಸಿಲು ಇಳಿದ ಮೇಲೆ, ಅಕ್ಟೋಬರಿನಲ್ಲಿ. ಕೆಳಗಿನ ಅಂಗಡಿಯ ಕಾಕನನ್ನೇ ಕೇಳು."

ಭಾವ ಚಮಚದಿಂದ ಲೋಟಕ್ಕೆ ಟಣ್ ಟಣ್ ಎಂದು ಬಡಿದರು. "ಎರಡು ನಿಮಿಷ ಆಯಿತು ಮಾರಾಯ್ರೆ. ಅಧ್ಯಕ್ಷರು ಬೆಲ್ ಹೊಡೆದಿದ್ದಾರೆ, ಕೂತುಕೊಳ್ಳಿ."

ಅಕ್ಕ ಬೀಜ ಹಾಕಿದಳು. ನಾಲ್ಕನೇ ದಿನ ಮೊಳಕೆ ಬಂತು, ಒಂಬತ್ತನೇ ದಿನ ಹುರಿದ ಹಾಗೆ ಒಣಗಿತು. "ನಾನು ಹೇಳಿರಲಿಲ್ಲವಾ?" ಎಂದೆ. ಹೇಳಬಾರದಿತ್ತು. ಹೇಳಿದ್ದು ತಪ್ಪೆಂದಲ್ಲ, ಸರಿಯಾಗಿಯೇ ಇತ್ತು. ಆದರೆ ಆ ಒಂದು ಗೆಲುವಿನಿಂದ ಟೆರೇಸಿನ ಎಲ್ಲ ವಿಷಯದಲ್ಲೂ ನನ್ನ ಮಾತೇ ಕಡೆಯ ಮಾತು ಎಂದು ನನಗೆ ಅನಿಸಿಬಿಟ್ಟಿತು. ಅಕ್ಕನಿಗೂ ಮೆಟ್ಟಿಲು ಹತ್ತುವುದು ಕಷ್ಟವಾಗುತ್ತಿತ್ತು. "ಆಯ್ತು ಮಾರಾಯ, ಇನ್ನು ನೀನೇ ನೋಡಿಕೋ. ಬಸಳೆಯೊಂದು ಉಳಿಸು," ಎಂದಳು.

ಅವಳು ಬಸಳೆಗೆ ಹಾಕುತ್ತಿದ್ದದ್ದು ಅಕ್ಕಿ ತೊಳೆದ ನೀರು. ಏಸಿ ಹಾಕಲು ಶುರುವಾದ ಮೇಲೆ ಅದರ ಪೈಪಿನಿಂದ ತೊಟ್ಟಿಕ್ಕುವ ನೀರನ್ನೂ ಬಕೆಟ್ಟಿನಲ್ಲಿ ಹಿಡಿಯುತ್ತಿದ್ದಳು. ಬಕೆಟ್ ತುಂಬುವುದು ಯಾವ ಕಾಲಕ್ಕೋ. ತುಂಬಿದ ಮೇಲೆ ಅದನ್ನು ಹೊತ್ತು ಮೇಲೆ ಹೋಗಬೇಕು, ದಿನಕ್ಕೆ ಎರಡು ಸಲ. ಟ್ಯಾಂಕಿನ ಸಿಹಿನೀರು ಗಿಡಕ್ಕೆ ಮುಟ್ಟಿಸಬಾರದೆಂದು ಕಾವಲುಗಾರನ ಕಟ್ಟಪ್ಪಣೆ. ಆದರೆ ಟೆರೇಸಿನ ಮೂಲೆಯಲ್ಲಿ ಇನ್ನೊಂದು ನಲ್ಲಿಯಿತ್ತು, ರಬ್ಬರ್ ಪೈಪು ಸಮೇತ. ಅಲ್ಲಿ ಮನೆಮನೆಗೆ ಎರಡು ಬಗೆಯ ನೀರು ಬರುತ್ತದೆ: ಕುಡಿಯಲು ಸಿಹಿ, ತೊಳೆಯಲು ಮತ್ತು ತೋಟಕ್ಕೆ ಸ್ವಲ್ಪ ಉಪ್ಪಿನದು.

"ಸರಕಾರವೇ ತೋಟಕ್ಕೆ ಅಂತ ಬೇರೆ ಪೈಪು ಹಾಕಿದೆ," ಎಂದು ನಾನು ಮಂಡಿಸಿದೆ. "ರಸ್ತೆಯ ಮರಗಳೆಲ್ಲ ಅದರಲ್ಲೇ ಬದುಕಿವೆ. ಏಸಿ ನೀರಿನಲ್ಲಿ ಎಂಥ ಸತ್ವ ಉಂಟು? ಅದು ಬರೀ ಗಾಳಿಯ ಬೆವರು."

ಅಕ್ಕ ಒಪ್ಪಲಿಲ್ಲ, ಎದುರಾಡಲೂ ಇಲ್ಲ. ಎದುರಾಡಿದವರು ಕಾಕ. ಬಿಲ್ಡಿಂಗಿನ ಕೆಳಗೆ ಸಣ್ಣ ಕಿರಾಣಿ ಅಂಗಡಿ ನಡೆಸುತ್ತಿದ್ದ ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಂ. ಅಲ್ಲಿಗೆ ಬಂದು ಹದಿನೈದು ವರ್ಷ ದಾಟಿತ್ತು.

"ಆ ನೀರು ಖರ್ಜೂರಕ್ಕೆ ಆಗ್ತದೆ ಮಾರಾಯ," ಎಂದರು ಬ್ರೆಡ್ ಜೋಡಿಸುತ್ತಾ. "ನೆಲದಲ್ಲಿರುವ ಮರಕ್ಕೆ ಸರಿ. ನಿಂದು ಡ್ರಮ್ಮು. ನೀರು ಆರಿ ಹೋಗ್ತದೆ, ಉಪ್ಪು ಎಲ್ಲಿಗೆ ಹೋಗುವುದು? ಅದಕ್ಕೆ ನಮ್ಮ ಹಾಗೆ ವೀಸಾ-ಇಕಾಮಾ ಮುಗಿಯುವುದಿಲ್ಲ, ಅಲ್ಲೇ ಕೂತುಕೊಳ್ತದೆ."

"ಬಸಳೆ ಸಮುದ್ರದ ಬದಿಯದ್ದು, ಕಾಕ. ಸ್ವಲ್ಪ ಉಪ್ಪಿಗೆಲ್ಲ ಹೆದರುವುದಿಲ್ಲ."

"ನೀನೂ ಸಮುದ್ರದ ಬದಿಯವನೇ ಅಲ್ವಾ? ಎರಡು ಲೋಟ ಕುಡಿದು ತೋರಿಸು ನೋಡುವ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಅದು ಉತ್ತರವಲ್ಲ, ಗೇಲಿ ಎಂದು ವಿವರಿಸಿದೆ. ಅದು ಉತ್ತರವೇ ಆಗಿತ್ತು. ಆದರೂ ಬಸಳೆಗೆ ಆ ನಲ್ಲಿಯ ನೀರನ್ನೇ ಬಿಡುತ್ತಾ ಹೋದೆ.

ಜೂನ್ ಕಳೆಯುವಾಗ ಎಲೆಗಳ ಅಂಚು ಕಂದಿತು. ಬಿಸಿಲು ಎಂದೆ, ಹಳೆಯ ಬೆಡ್‌ಶೀಟ್ ಕಟ್ಟಿ ನೆರಳು ಮಾಡಿ, ನೀರು ಹೆಚ್ಚಿಸಿದೆ. ಎಲೆ ಇನ್ನೂ ಕಂದಿತು. ಬಿಸಿಗಾಳಿ ಎಂದೆ, ಇನ್ನೂ ನೀರು ಹೆಚ್ಚಿಸಿದೆ. ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿತು. ಧೂಳು ಎಂದೆ. ಆ ಊರಿನಲ್ಲಿ ಏನಾದರೂ ಧೂಳು ಎಂದರೆ ಯಾರೂ ಅನುಮಾನಿಸುವುದಿಲ್ಲ. ಪ್ರತಿ ಸಲವೂ ನನ್ನ ಬಳಿ ಒಂದು ಕಾರಣವಿತ್ತು. ಒಂದಾದರೂ ಆ ನಲ್ಲಿಯ ಕಡೆಗೆ ಬೊಟ್ಟು ಮಾಡಲಿಲ್ಲ. ಅಕ್ಕ ಕೆಳಗಿನಿಂದ ದಿನಾ ಕೇಳುತ್ತಿದ್ದಳು, "ಬಸಳೆ ಹೇಗುಂಟು?" "ಸ್ವಲ್ಪ ಬಾಡಿದೆ, ಸರಿಯಾಗ್ತದೆ," ಎಂದು ನಾನು. ಅದು ವಾದ ಕೂಡ ಅಲ್ಲ, ಸುಳ್ಳು.

ಜುಲೈಯ ಎರಡನೇ ಶುಕ್ರವಾರ ಬೆಳಿಗ್ಗೆ, ನಾನು ಹಲ್ಲುಜ್ಜುತ್ತಿರುವಾಗ, ಅಕ್ಕ ಗೋಡೆ ಹಿಡಿದು ಹಿಡಿದು ಮೇಲೆ ಹೋದಳು. ನಾನು ಬಾಯಿಯ ನೊರೆಯೊಂದಿಗೇ ಹಿಂದೆ ಓಡಿದೆ. ಹಗ್ಗದ ಮೇಲೆ ಬಳ್ಳಿ ಸುಟ್ಟ ದಾರದ ಹಾಗೆ ನೇತಾಡುತ್ತಿತ್ತು. ಅವಳು ಅದನ್ನು ನೋಡಿದಳು. ನಾನು ಬಿಸಿಲಿನಿಂದ ಶುರುಮಾಡಿದೆ. ಅವಳು ಕೇಳಿಸಿಕೊಳ್ಳದೆ ಕಷ್ಟಪಟ್ಟು ಬಗ್ಗಿ, ಡ್ರಮ್ಮಿನ ಬಿಳಿ ಪದರದಿಂದ ಒಂದು ಚಿಟಿಕೆ ತೆಗೆದು ನಾಲಿಗೆಯ ತುದಿಗೆ ಇಟ್ಟಳು. ಉಗುಳಿದಳು.

"ಉಪ್ಪು," ಎಂದಳು. "ನೀನೂ ನೋಡು."

ನೋಡಿದೆ. ಹಲ್ಲುಜ್ಜುವ ಪೇಸ್ಟಿನ ಸಿಹಿಯನ್ನೂ ಮೀರಿ ಉಪ್ಪು.

ಬಯ್ದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಅವಳು ಬಯ್ಯಲಿಲ್ಲ. ಬಳ್ಳಿಯನ್ನು ತುದಿಯಿಂದ ಬುಡದವರೆಗೆ ಬೆರಳಲ್ಲಿ ಹಿಸುಕುತ್ತಾ ಹೋಗಿ, ಒಂದು ಕಡೆ ಗೇಣುದ್ದ ಹಸಿರು ಸಿಕ್ಕಿದಾಗ ಚಿವುಟಿಕೊಂಡಳು. ಕೆಳಗೆ ತಂದು, ಜಾಮಿನ ಖಾಲಿ ಬಾಟಲಿಗೆ ಏಸಿ ನೀರು ತುಂಬಿ, ಅದರಲ್ಲಿ ನಿಲ್ಲಿಸಿ ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಎರಡು ವಾರದಲ್ಲಿ ಬಿಳಿ ಬೇರು ಬಿಟ್ಟು ಐದು ಎಲೆಯಾಯಿತು. ಗಾಳಿಯ ಬೆವರಿನಲ್ಲಿ.

ಬಯಕೆಗೆಂದು ಇಟ್ಟ ಶುಕ್ರವಾರ ಭಾವ ತಾವೇ ಅಕ್ಕಿ ರುಬ್ಬಿ ಉಂಡೆ ಕಟ್ಟಿದರು. ಗಸಿಗೆ ನಾನು ಪಾಲಕ್ ತಂದೆ. ಅಕ್ಕನ ಬಟ್ಟಲಿನ ಮಟ್ಟಿಗಾದರೂ ಬಸಳೆ ಇರಲೆಂದು ಕಿಟಕಿಯ ಐದು ಎಲೆ ಕೊಯ್ಯಲು ಕೈ ಚಾಚಿದೆ.

"ಮುಟ್ಟಬೇಡ," ಎಂದಳು.

"ಐದೇ ಎಲೆ. ನಿನ್ನ ಬಾಯಿಗೆ ರುಚಿಯಾದರೂ—"

"ಅದನ್ನು ಈಗ ತಿಂದರೆ ಅಕ್ಟೋಬರಿಗೆ ಎಂಥದು ನೆಡುವುದು? ಅಕ್ಟೋಬರ್ ಅಂತ ಹೇಳಿದವ ನೀನೇ ಅಲ್ವಾ?"

ಪಾಲಕ್ಕಿನ ಪುಂಡಿಯನ್ನು ಅವಳು ಪೂರ್ತಿ ತಿಂದಳು. ಕೈ ತೊಳೆದು ಬಂದು ಬಾಟಲಿಯ ನೀರು ಬದಲಿಸಿದಳು. ನಾನು ಮಾಡುತ್ತೇನೆಂದೆ, ಬಾಟಲಿಯನ್ನು ನನ್ನ ಕೈಗೆ ಕೊಡಲಿಲ್ಲ.

ಮುಂದಿನ ವಾರ ಎಲ್ಲರಿಗೂ ಗೊತ್ತಿರುವ ಆಗಸ್ಟ್ ಬಂತು. ಸೆಪ್ಟೆಂಬರಿನಲ್ಲಿ ನಾವು ಮೂವರು ಹೊರಟಾಗ ಬಾಟಲಿಯನ್ನು ಅಕ್ಕ ಕಾಕನ ಅಂಗಡಿಯಲ್ಲಿ ಬಿಟ್ಟಳು. ಅವರು ಅಂಗಡಿ ಬಿಟ್ಟು ಬರಲು ಒಪ್ಪಿರಲಿಲ್ಲ.

ಕಾಕ ಊರಿಗೆ ಬಂದದ್ದು ಡಿಸೆಂಬರಿನ ಕೊನೆಗೆ. ಜನವರಿಯಲ್ಲಿ ಒಂದು ದಿನ ಮಗುವನ್ನು ನೋಡಲು ನಮ್ಮ ಮನೆಗೆ ಬಂದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಅಕ್ಕ ಮಗುವನ್ನು ಅವರ ತೊಡೆಯ ಮೇಲಿಟ್ಟು, ಚಹಾ ತರುವ ಮೊದಲೇ ಕೇಳಿದಳು, "ಕಾಕ, ನನ್ನ ಬಸಳೆ?"

"ಅದಾ? ಅಕ್ಟೋಬರಿಗೆ ನೆಟ್ಟೆ ಮಗಳೇ, ಎಣ್ಣೆ ಡಬ್ಬದಲ್ಲಿ. ಬಾಗಿಲಿನ ಹತ್ತಿರ ಒಳ್ಳೆ ಹಬ್ಬಿತು." ಸ್ವಲ್ಪ ನಾಚಿಕೊಂಡರು. "ಮತ್ತೆ ನಾವು ತಿಂದೆವು. ಸೊಪ್ಪು, ದಂಟು, ಎಲ್ಲ ಖಲಾಸ್. ರೂಮಿನಲ್ಲಿ ಆರು ಜನ. ಹಸಿರು ಅಂತ ಕಣ್ಣಿಗೆ ಬೀಳುತ್ತಿದ್ದದ್ದೇ ಅದೊಂದು."

"ಯಾವ ನೀರು ಹಾಕಿದಿರಿ?" ಎಂದು ನಾನು ಕೇಳಿದೆ. ಕೇಳದೇ ಇರಲು ಆಗಲಿಲ್ಲ.

"ಅಕ್ಕಿ ತೊಳೆದದ್ದು. ಮತ್ತೆಂಥ ನೀರು?"

ಅಕ್ಕ ನನ್ನ ಕಡೆ ತಿರುಗಿ, "ಕೇಳಿತಲ್ಲ?" ಎಂದಳು. ಆಮೇಲೆ ಚಹಾ ಮಾಡಲು ಒಳಗೆ ಹೋದಳು.