ಒಂದೂವರೆ ಕೆ.ಜಿ. ಬಿಳಿ ಪುಡಿ

ಅವರ ಬಲ ಹುಬ್ಬಿನ ಅರ್ಧಭಾಗದಲ್ಲಿ ಕೂದಲೇ ಇರಲಿಲ್ಲ. ಶಿವಾಜಿನಗರದ ಗಲ್ಲಿಯೊಂದರ ಕೆಮಿಕಲ್ ಅಂಗಡಿಯಲ್ಲಿ ನಲವತ್ತು ವರ್ಷ ಸ್ಪಿರಿಟ್ ದೀಪದ ಮೇಲೆ ಬಗ್ಗಿ ಬಗ್ಗಿ ಸುಟ್ಟುಕೊಂಡದ್ದು. ಯಾರಾದರೂ ದಿಟ್ಟಿಸಿ ನೋಡಿದರೆ, "ಬ್ಯೂಟಿ ಪಾರ್ಲರ್‌ನಲ್ಲಿ ತೆಗೆಸ್ದೆ, ಇನ್ನೊಂದು ಹುಬ್ಬಿನ ಹೊತ್ಗೆ ಕರೆಂಟ್ ಹೋಯ್ತು" ಎನ್ನುತ್ತಿದ್ದರು. ಗಲ್ಲಿಯವರಿಗೆಲ್ಲ ಅವರು ಯಜಮಾನರು. ನನಗೂ ಅಷ್ಟೇ.

ನಾನು ರಿಚರ್ಡ್ಸ್ ಟೌನಿನಲ್ಲಿ ಒಂದು ಕಾರ್ ಶೆಡ್ ಬಾಡಿಗೆಗೆ ಹಿಡಿದು, ಮಣ್ಣಿನ ಬಟ್ಟಲು, ಲೋಟ ಮಾಡಿ ಸುಟ್ಟು ಮಾರುವವಳು. ಮೊದಲ ಸಲ ಅವರಲ್ಲಿಗೆ ಹೋಗಿ ಕೇಳಿದ್ದು ಬೇರಿಯಂ ಕಾರ್ಬೊನೇಟ್. ಪಾತ್ರೆಗೆ ಬಳಿಯುವ ಮೆರುಗಿಗೆ ಅದನ್ನು ಬೆರೆಸಿದರೆ ಒಳ್ಳೆಯ ನೀಲಿ ಬರುತ್ತದೆ ಎಂದು ಎಲ್ಲೋ ಓದಿದ್ದೆ.

"ಏನ್ ಮಾಡ್ತೀಯಾ ತಾಯಿ?"

"ಬಟ್ಟಲು."

"ಅದ್ರಲ್ಲಿ ಉಣ್ಣೋದ್ಯಾರು, ಇಲೀನಾ?"

ಬೇರಿಯಂ ಇಲಿಪಾಷಾಣಕ್ಕೂ ಹೋಗುತ್ತದೆ, ಮೆರುಗು ಸರಿಯಾಗಿ ಕರಗದಿದ್ದರೆ ಹುಳಿ ತಾಗಿದಾಗ ಊಟಕ್ಕೆ ಇಳಿಯುತ್ತದೆ ಎಂದು ಗೊತ್ತಾದದ್ದು ಅವರಿಂದ. ಅದನ್ನು ಇಟ್ಟಿಗೆ ಮಾಡುವವರಿಗೆ ಮಾತ್ರ ಕೊಡುತ್ತಿದ್ದರು. ನನಗೆ ಕೊಟ್ಟದ್ದು ಸ್ಟ್ರಾಂಶಿಯಂ ಕಾರ್ಬೊನೇಟ್. ಅದರಿಂದಲೂ ನೀಲಿ ಬರುತ್ತದೆ, ಪ್ರಾಣಕ್ಕೆ ಅಪಾಯವಿಲ್ಲ.

ತೊಂದರೆ ಏನೆಂದರೆ ಎರಡೂ ಬಿಳಿ ಪುಡಿ, ನೋಡಲು ಅವಳಿಜವಳಿ. ಹಾಗಾಗಿ ಕಾಲು ಕೆ.ಜಿ. ಮಾರುವುದಿದ್ದರೂ ಯಜಮಾನರು ಚಿಟಿಕೆ ಪುಡಿಗೆ ಎರಡು ಹನಿ ಆಸಿಡ್ ಬಿಟ್ಟು, ತಂತಿಯ ತುದಿಯನ್ನು ಅದರಲ್ಲಿ ಅದ್ದಿ ದೀಪಕ್ಕೆ ಹಿಡಿಯುತ್ತಿದ್ದರು. ಸ್ಟ್ರಾಂಶಿಯಂ ಆದರೆ ಜ್ವಾಲೆ ಕುಂಕುಮದಂತೆ ಕೆಂಪು, ಬೇರಿಯಂ ಆದರೆ ಎಳೆಹಸಿರು. ಆಮೇಲೆಯೇ ತಕ್ಕಡಿ. ಅವಸರದವರು ಗೊಣಗಿದರೆ, "ಚೀಟಿ ಸುಳ್ಳು ಹೇಳುತ್ತೆ, ಬೆಂಕಿ ಹೇಳಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಸ್ಟ್ರಾಂಶಿಯಂ ಪುಡಿಯ ಬಗ್ಗೆ ಅವರಿಗೆ ಸ್ವಂತ ಮಗನ ಬಗ್ಗೆ ಇರುವಷ್ಟು ಜಂಬ. ಹಳೆಯ ಡಬ್ಬಾ ಟಿ.ವಿ.ಗಳ ಕಾಲದಲ್ಲಿ ಅವರು ಅದನ್ನು ಲಾರಿಗಟ್ಟಲೆ ಕಳಿಸಿದ್ದರು. ಟಿ.ವಿ. ಒಳಗೆ ಹುಟ್ಟುವ ಎಕ್ಸ್‌ರೇ ನೋಡುವವರ ಮುಖಕ್ಕೆ ಬಡಿಯದಂತೆ ಮುಂದಿನ ಗಾಜಿಗೆ ಇದನ್ನೇ ಬೆರೆಸುತ್ತಿದ್ದರಂತೆ. "ಭಾನುವಾರದ ಸಿನಿಮಾ ನೀವೆಲ್ಲ ನೆಟ್ಟಗೆ ನೋಡಿದ್ದು ನನ್ ಮಾಲಿನಿಂದ ಕಣಮ್ಮ" ಎಂದು ಮೀಸೆ ತಿರುವುತ್ತಿದ್ದರು. ಚಪ್ಪಟೆ ಟಿ.ವಿ. ಬಂದು ಆ ವ್ಯಾಪಾರ ಮಣ್ಣುಪಾಲಾಯಿತು. ಅದನ್ನೇ ಬಳಸಿ ಸ್ಪೀಕರಿನ ಅಯಸ್ಕಾಂತ ಮಾಡುವ ಕಾರ್ಖಾನೆಗಳು ಚೀನಾದಿಂದ ನೇರವಾಗಿ ತರಿಸಿಕೊಂಡವು. ಕೊನೆಗೆ ಅವರಿಗೆ ಉಳಿದದ್ದು ನನ್ನಂಥ ಕೆ.ಜಿ. ಲೆಕ್ಕದ ಗಿರಾಕಿಗಳು.

ಎರಡು ವರ್ಷದ ಹಿಂದೆ ಅವರಿಗೆ ಟಿ.ಬಿ. ಆಯಿತು. ತಿಂಗಳುಗಟ್ಟಲೆ ಮಾತ್ರೆ ನುಂಗಿ, ಅರ್ಧಕ್ಕರ್ಧ ಇಳಿದು ಮತ್ತೆ ಅಂಗಡಿಗೆ ಬಂದರು. ಅಷ್ಟರಲ್ಲಿ ಸ್ಟ್ರಾಂಶಿಯಂ ಸರಬರಾಜು ನಿಂತಿತ್ತು. ಹಡಗಿನ ಮಾಲು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಎರಡು ತಿಂಗಳು ಕಾಯಿಸಿದ ಚೆನ್ನೈನ ವ್ಯಾಪಾರಿ ಕೊನೆಗೆ ಸ್ಟ್ರಾಂಶಿಯಂ ಎಂದು ಚೀಟಿ ಅಂಟಿಸಿದ ಒಂದು ಮೂಟೆ ಕಳಿಸಿದ. ಸುದ್ದಿ ತಿಳಿದು ಗುರುವಾರ ಓಡಿಹೋದೆ.

ಯಜಮಾನರು ಎಂದಿನಂತೆ ತಂತಿ ಅದ್ದಿ ದೀಪಕ್ಕೆ ಹಿಡಿದರು. "ನೋಡಮ್ಮ, ಹೆಂಗೈತೆ ಕೆಂಪು!"

ಮತ್ತೊಮ್ಮೆ ಹಿಡಿಯಿರಿ ಎಂದೆ. ಹಿಡಿದರು.

"ಯಜಮಾನ್ರೇ, ಇದು ಹಸಿರು."

ಅವರು ದೀಪ ಆರಿಸಿದರು. ಸ್ಟೂಲಿನ ಮೇಲೆ ಕೂತರು. "ಮೂರು ತಿಂಗ್ಳಾಯ್ತಮ್ಮ. ಸಿಗ್ನಲ್ ಲೈಟೂ ಗೊತ್ತಾಗ್ತಿಲ್ಲ. ಆ ಟಿ.ಬಿ. ಮಾತ್ರೆಯಿಂದ್ಲೇ ಅಂತಾರೆ ಡಾಕ್ಟ್ರು. ಬಣ್ಣ ವಾಪಸ್ ಬರ್ತದೋ ಇಲ್ವೋ ಹೇಳಕ್ಕಾಗಲ್ಲ ಅಂದ್ರು. ಯಾರ ಹತ್ರಾನೂ ಹೇಳ್ಲಿಲ್ಲ ನಾನು."

ಅಷ್ಟೇ ಆಗಿದ್ದರೆ ಮೂಟೆ ವಾಪಸ್ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ಮಂಗಳವಾರ ಒಬ್ಬ ಹೆಂಗಸು ಅದೇ ಮೂಟೆಯಿಂದ ಒಂದೂವರೆ ಕೆ.ಜಿ. ಒಯ್ದಿದ್ದಳು. ಹೊಸಬಳು. ದೀಪಕ್ಕೆ ಹಿಡಿದಾಗ ಫೋನ್ ನೋಡುತ್ತಿದ್ದಳಂತೆ. ಊಟದ ತಟ್ಟೆಗೆ ಬೇಕು, ಟಿನ್ ಫ್ಯಾಕ್ಟರಿ ಬಸ್ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಳಂತೆ. ನೋಟು ಕೊಟ್ಟು ಹೋದವಳು, ಹೆಸರಿಲ್ಲ, ನಂಬರಿಲ್ಲ.

"ನನ್ ಬಾಯಲ್ಲೇ ಕೆಂಪು ಅಂದೆ ಕಣಮ್ಮ" ಎಂದು ಹಣೆ ಚಚ್ಚಿಕೊಂಡರು.

ನನಗೆ ಗೊತ್ತಿದ್ದ ಕುಂಬಾರಿಕೆಯವರ ಗುಂಪಿಗೆಲ್ಲ ಮೆಸೇಜ್ ಹಾಕಿದೆ. ಕ್ಲಾಸ್ ನಡೆಸುವವರಿಗೆಲ್ಲ ಫೋನ್ ಮಾಡಿದೆ. ಯಾರಿಗೂ ಆಕೆ ಗೊತ್ತಿಲ್ಲ. ಯಜಮಾನರು ಅಂಗಡಿಯ ಬಾಗಿಲಿಗೆ ರಟ್ಟು ಕಟ್ಟಿದರು: "ಮಂಗಳವಾರ ಪುಡಿ ಒಯ್ದ ತಾಯಿ, ಬಳಸಬೇಡಿ, ವಿಷ. ವಾಪಸ್ ತನ್ನಿ." ವಿಷ ಎಂದು ತಾವೇ ಬರೆದುಕೊಂಡ ಅಂಗಡಿಗೆ ಯಾರು ಬರುತ್ತಾರೆ? ಗಿರಾಕಿಗಳು ಕರಗಿದರು. ರಟ್ಟು ತೆಗೆಯಿರಿ ಎಂದು ಅಕ್ಕಪಕ್ಕದವರು ಹೇಳಿದರೂ ಅವರು ಕೇಳಲಿಲ್ಲ.

ಸಂಜೆ ಹೊತ್ತು ಅವರೊಂದಿಗೆ ನಾನೂ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿಗೆ ಹೋದೆ. ಬಸ್ಸಿನ ಮೇಲೆ ಬಸ್ಸು, ಮೆಟ್ರೋದಿಂದ ಇಳಿದವರ ಜಾತ್ರೆ, ಕಿವಿ ಕಿತ್ತುಹೋಗುವಷ್ಟು ಹಾರನ್. ಆಕೆಯ ಮುಖ ಸರಿಯಾಗಿ ನೆನಪಿಲ್ಲದೆ ಅವರು ಹೆಂಗಸರ ಕೈಗಳನ್ನು ನೋಡುತ್ತಾ ನಿಂತಿರುತ್ತಿದ್ದರು, ಉಗುರಿನ ಸಂದಿಯಲ್ಲಿ ಮಣ್ಣಿದೆಯೇ ಎಂದು. ಒಬ್ಬಾಕೆ ಕಂಡಾಪಟ್ಟೆ ಬೈದು ಪೊಲೀಸರನ್ನು ಕರೆಯುತ್ತೇನೆ ಎಂದಳು. ಯಜಮಾನರು ಅವಳಿಗೆ ಕೈಮುಗಿದರು. ನನಗೆ ಅಳು ಬಂತು. ಎಂಟು ದಿನ ಹೋದೆವು. ಆಮೇಲೆ ನನ್ನ ಕೈಲಾಗಲಿಲ್ಲ, ಕೆಲಸದ ನೆಪ ಹೇಳಿ ತಪ್ಪಿಸಿಕೊಂಡೆ. ಅವರು ಒಬ್ಬರೇ ಹೋಗುತ್ತಿದ್ದರಂತೆ.

ಮಳೆಗಾಲದಲ್ಲಿ ಉಸಿರಾಟ ಮತ್ತೆ ಕೈಕೊಟ್ಟಿತು. ಹಲಸೂರಿನ ಮನೆಗೆ ನೋಡಲು ಹೋದರೆ ಮೊದಲ ಮಾತು, "ಸಿಕ್ಕಿದ್ಲಾ?" ಇಲ್ಲ ಎಂದೆ. ಗೋಡೆ ಕಡೆ ತಿರುಗಿ ಮಲಗಿದರು. ಊಟ ಬಿಟ್ಟು ಎರಡು ದಿನವಾಯಿತು ಎಂದು ಅವರ ಹೆಂಡತಿ ಕಣ್ಣೊರೆಸಿಕೊಂಡರು.

ಮರುದಿನ ನನ್ನ ಶೆಡ್ಡಿನಲ್ಲಿದ್ದ ಬಿಳಿ ಜೇಡಿಮಣ್ಣಿನ ಪುಡಿಯನ್ನೇ ಒಂದೂವರೆ ಕೆ.ಜಿ. ತೂಗಿ, ಅವರ ಅಂಗಡಿಯ ಹಳೆಯ ಕವರಿಗೆ ತುಂಬಿ ಒಯ್ದೆ.

"ಸಿಕ್ಕಿದ್ಲು ಯಜಮಾನ್ರೇ. ಇನ್ನೂ ಬಳಸೇ ಇರ್ಲಿಲ್ಲವಂತೆ. ತಗೊಳ್ಳಿ."

ಕವರಿನ ಬಾಯಿ ಬಿಚ್ಚಿ ಒಂದು ಚಿಟಿಕೆ ತೆಗೆದು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಜೇಡಿಗೆ ಬೇರೆಯದೇ ನುಣುಪಿದೆ. ಅದು ನನಗೆ ಹೊಳೆದದ್ದು ಅವರ ಬೆರಳು ನಿಂತಾಗ. ಹೆಂಡತಿ ತಂದಿಟ್ಟ ಗಂಜಿಯನ್ನು ತಾವೇ ಎತ್ತಿಕೊಂಡು, ನನ್ನ ಕಣ್ಣೆದುರಿಗೇ ನಾಲ್ಕು ಗುಟುಕು ಕುಡಿದರು.

"ಒಳ್ಳೇ ಹುಡುಗಿ ನೀನು" ಎಂದರು. "ಅವ್ಳು ಸಿಕ್ಕಿದ್ರೆ ಹೇಳಮ್ಮ, ಆಯ್ತಾ?"

ಮೂರನೆಯ ದಿನ ಹೋಗಿಬಿಟ್ಟರು.

ಈಗಲೂ ಯಾವುದಾದರೂ ಪ್ರದರ್ಶನದಲ್ಲಿ ನೀಲಿ ತಟ್ಟೆ ಕಂಡರೆ ಪುಡಿ ಎಲ್ಲಿ ಕೊಂಡಿರಿ ಎಂದು ಕೇಳುತ್ತೇನೆ. ಗುಟ್ಟು ಕದಿಯಲು ಬಂದಿದ್ದಾಳೆ ಎಂದುಕೊಂಡು ಯಾರೂ ಹೇಳುವುದಿಲ್ಲ.